ಕೊನೆ ಗಳಿಗೆಯಲ್ಲಿ ‘ಕ್ಷಮಿಸು’ ಅಂದುಬಿಟ್ಟರೆ ಸಾಕೇ?

ನಾನು ಕ್ರೈಸ್ತನೆಂದು ಗೊತ್ತಾಗಿ, ಪರಿಚಯವೂ ಸ್ವಲ್ಪ ಹಳತಾದ ಮೇಲೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. “ಆಯುಷ್ಯವಿಡೀ ಕೇಡು ಮಾಡಿಕೊಂಡು ಬಂದವನು ಸಾಯುವ ಹೊತ್ತಿಗೆ ‘ದೇವರೇ, ಕ್ಷಮಿಸು’ ಅಂದರೆ ನಿಮ್ಮ ದೇವರು ಕ್ಷಮಿಸಿಬಿಡುತ್ತಾನಂತಲ್ಲ? ಹಾಗಾದರೆ ನ್ಯಾಯತೀರ್ಪು ಯಾತಕ್ಕೆ?”

ಇದನ್ನು ನಗುತ್ತ ಕೇಳುವವರಿದ್ದಾರೆ, ನಗದೆ ಕೇಳುವವರೂ ಇದ್ದಾರೆ. ನಗುತ್ತ ಕೇಳುವವರಿಗೆ ಇದು ಒಂದು ಲೆಕ್ಕ: ಎಷ್ಟು ತಡಮಾಡಿದರೂ ನಡೆಯುತ್ತದೆ ಅನ್ನುವುದಷ್ಟೇ ಅವರಿಗೆ ಬೇಕು. ನಗದೆ ಕೇಳುವವರ ಮನಸ್ಸಿನಲ್ಲಿ ಒಂದು ಮುಖ ಇರುತ್ತದೆ. ತನಗೆ ಮೋಸ ಮಾಡಿದವನದೋ, ಹೊಡೆದವನದೋ, ಬದುಕು ಕೆಡಿಸಿದವನದೋ. ಪ್ರಶ್ನೆಯ ಮಾತುಗಳು ಒಂದೇ, ಪ್ರಶ್ನೆ ಒಂದೇ ಅಲ್ಲ. ಇದು ನನಗೆ ಹೊಳೆಯುವುದಕ್ಕೆ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೆ ಇಬ್ಬರಿಗೂ ಒಂದೇ ಉತ್ತರ ಕೊಟ್ಟು ಇಬ್ಬರನ್ನೂ ಕಳೆದುಕೊಂಡಿದ್ದೇನೆ.

ಮೊದಲು ನೇರ ಉತ್ತರ. ಹೌದು, ಕ್ಷಮಿಸುತ್ತಾನೆ. ಕೇಳುವವರ ಮುಖ ನೋಡಿ ಇದನ್ನು ತೇಲಿಸಿ ಹೇಳಿದರೆ ಲೂಕನ ಸುವಾರ್ತೆಯ 23ನೆಯ ಅಧ್ಯಾಯವನ್ನೇ ಹರಿದು ಹಾಕಬೇಕಾಗುತ್ತದೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿ “ನನ್ನನ್ನು ನೆನಪಿಟ್ಟುಕೋ” ಅನ್ನುತ್ತಾನೆ. “ಇಂದೇ ನನ್ನ ಸಂಗಡ ಪರದೈಸಿನಲ್ಲಿರುವೆ” ಎಂಬ ಉತ್ತರ ಬರುತ್ತದೆ; ಪರದೈಸು ಅಂದರೆ ಸ್ವರ್ಗ. ಕ್ರೈಸ್ತನಾಗಲು ಪಡೆಯುವ ದೀಕ್ಷಾಸ್ನಾನವಿಲ್ಲ, ದಾನಧರ್ಮವಿಲ್ಲ, ಸರಿಪಡಿಸಿಕೊಳ್ಳಲು ನಾಳೆ ಎಂಬುದೂ ಇಲ್ಲ. ಕೊನೆ ಗಳಿಗೆ ಅಂದರೆ ಇದಕ್ಕಿಂತ ಕೊನೆಯದು ಇರಲಾರದು.

ಆದರೆ ಈ ಕಥೆಯನ್ನು ಉದಾಹರಣೆ ಕೊಡುವವರು ಅವನು ಅದಕ್ಕೂ ಮೊದಲು ಹೇಳಿದ ಮಾತನ್ನು ಓದುವುದಿಲ್ಲ. ಇನ್ನೊಬ್ಬ ಅಪರಾಧಿ ಯೇಸುವನ್ನು ಹಂಗಿಸಿ, ನೀನು ಕ್ರಿಸ್ತನಾಗಿದ್ದರೆ ನಿನ್ನನ್ನೂ ನಮ್ಮನ್ನೂ ಉಳಿಸು ಅನ್ನುತ್ತಾನೆ. ಅವನಿಗೆ ಬೇಕಾದದ್ದು ಮೊಳೆಗಳಿಂದ ಬಿಡುಗಡೆ. ಇವನು ಅವನನ್ನು ಗದರಿಸಿ ಹೇಳುವುದು ಇಷ್ಟು: ನಮಗಾಗುತ್ತಿರುವುದು ನ್ಯಾಯವೇ, ನಾವು ಮಾಡಿದ್ದಕ್ಕೆ ತಕ್ಕದ್ದನ್ನೇ ಅನುಭವಿಸುತ್ತಿದ್ದೇವೆ. ತನ್ನ ಮೇಲಿನ ತೀರ್ಪಿಗೆ ತಾನೇ ರುಜು ಹಾಕಿದ ಮೇಲೆ ಅವನು ಯೇಸುವಿನ ಕಡೆ ತಿರುಗುತ್ತಾನೆ. ಕೆಳಗಿಳಿಸು ಎಂದು ಕೇಳುವುದಿಲ್ಲ, ಶಿಕ್ಷೆ ಹೆಚ್ಚಾಯಿತು ಅನ್ನುವುದಿಲ್ಲ, ಹಾಗೆ ಮಾಡಬೇಕಾಗಿ ಬಂದದ್ದು ಯಾಕೆಂದು ವಿವರಿಸುವುದೂ ಇಲ್ಲ.

ಯೋಹಾನನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಮುಂದಿನದು ಇದೆ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ಶುರುವಾಗುವ ಮೊದಲು ಹೆಣಗಳನ್ನು ಇಳಿಸಬೇಕಿತ್ತು. ಬೇಗ ಸಾಯಲೆಂದು ಸೈನಿಕರು ಬಂದು ಆ ಇಬ್ಬರ ಕಾಲುಗಳನ್ನೂ ಮುರಿದರು. ಪರದೈಸಿನ ಮಾತು ಪಡೆದವನ ಕಾಲನ್ನೂ ಮುರಿದರು. ಕರುಣೆ ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ. ‘ಸುಲಭದಲ್ಲಿ ಪಾರಾದ’ ಎಂದು ಅವನನ್ನು ಕುರಿತು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಆ ಸಂಜೆಯ ಕಾಲುಗಳು.

ಲೆಕ್ಕ ಹಾಕುವವರ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಕ್ರೈಸ್ತ ಸಭೆಯಷ್ಟೇ ಹಳೆಯ ಚಾಳಿ. ನಾಲ್ಕನೆಯ ಶತಮಾನದಲ್ಲಿ ದೀಕ್ಷಾಸ್ನಾನವನ್ನೇ ಮುಂದೂಡುವ ರೂಢಿ ಇತ್ತು. ಹಿಂದಿನ ಪಾಪವೆಲ್ಲ ಅದರಲ್ಲಿ ತೊಳೆದುಹೋಗುವುದಾದರೆ ಆದಷ್ಟು ಕೊನೆಗೆ ಮಾಡಿಸಿಕೊಂಡರೆ ಲಾಭವಲ್ಲವೇ ಎಂಬ ಎಣಿಕೆ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ. ಮುಂದೆ ಸಭೆಯ ದೊಡ್ಡ ಗುರುವಾದ ಅಗಸ್ಟೀನ್ ಹುಡುಗನಾಗಿದ್ದಾಗ ಕಾಯಿಲೆ ಬಿದ್ದು ದೀಕ್ಷಾಸ್ನಾನಕ್ಕೆ ಸಿದ್ಧತೆ ನಡೆದಿತ್ತು. ಗುಣವಾದ ಕೂಡಲೇ ಮನೆಯವರು ಅದನ್ನು ಮುಂದಕ್ಕೆ ಹಾಕಿದರು. ಯೌವನದಲ್ಲಿ ತಾನು “ನನಗೆ ಶುದ್ಧತೆ ಕೊಡು, ಆದರೆ ಈಗಲೇ ಬೇಡ” ಎಂದು ಪ್ರಾರ್ಥಿಸಿದ್ದೆ ಎಂದು ಆತನೇ ಮುಂದೆ ಬರೆದುಕೊಂಡ. ಈ ಲೆಕ್ಕದಲ್ಲಿರುವ ತೊಡಕು ಗಡುವಿನದಲ್ಲ. ನಾಳೆ ತಿರುಗುತ್ತೇನೆ ಎಂದು ಇಂದು ನಡೆಯುವವನು ಇಂದು ಆ ಕಡೆಗೇ ನಡೆದಿರುತ್ತಾನೆ. ನಡೆದು ನಡೆದು ಕಾಲಿಗೆ ಆ ದಾರಿಯೇ ರೂಢಿಯಾಗಿಬಿಡುತ್ತದೆ.

ತಿರುಗುವುದು ಎಂಬ ಮಾತನ್ನು ಬೇಕೆಂದೇ ಬಳಸಿದೆ. ಕನ್ನಡದ ಕ್ರೈಸ್ತರ ಬಾಯಲ್ಲಿ ಇದಕ್ಕೆ ಮೂರು ಮಾತುಗಳಿವೆ. ಪಶ್ಚಾತ್ತಾಪ ಅಂದರೆ ಆಮೇಲಿನ ಬೇಗೆ. ಮಾನಸಾಂತರ ಅಂದರೆ ಮನಸ್ಸು ಬೇರೆಯಾಗುವುದು; ‘ಮೆಟನೋಯ’ ಎಂಬ ಗ್ರೀಕ್ ಮಾತಿಗೆ ಇದು ಹತ್ತಿರ. ಮೂರನೆಯದು ದೇವರ ಕಡೆಗೆ ತಿರುಗಿಕೊಳ್ಳುವುದು. ಹೀಬ್ರೂ ಪ್ರವಾದಿಗಳ ‘ಶೂವ್’ ಎಂಬ ಕ್ರಿಯಾಪದದ ಅರ್ಥವೂ ಇದೇ. ನನಗೆ ಪ್ರಿಯವಾದದ್ದು ಮೂರನೆಯದು. ಬೇಗೆ ಎಷ್ಟೋ ಜನಕ್ಕೆ ಬರುತ್ತದೆ, ಸಿಕ್ಕಿಬಿದ್ದವರಿಗಂತೂ ಧಾರಾಳವಾಗಿ ಬರುತ್ತದೆ. ತಿರುಗುವುದಕ್ಕೆ ಕಾಲು ಎತ್ತಿ ಇಡಬೇಕು.

ಇನ್ನು ನಗದೆ ಕೇಳುವವರ ವಿಷಯ. ಅವರ ಪ್ರಶ್ನೆಗೆ ಬೈಬಲಿನಲ್ಲಿ ಒಂದು ಇಡೀ ಪುಸ್ತಕವಿದೆ, ನಾಲ್ಕೇ ಅಧ್ಯಾಯದ್ದು, ಪ್ರವಾದಿ ಯೋನನದು. ನಿನೆವೆ ಎಂಬ ಪಟ್ಟಣಕ್ಕೆ ಹೋಗಿ ಎಚ್ಚರಿಸು ಎಂದು ದೇವರು ಹೇಳಿದಾಗ ಅವನು ಬೇರೆ ಕಡೆಗೆ ಓಡಿಹೋದ, ದಾರಿಯಲ್ಲಿ ದೊಡ್ಡ ಮೀನೊಂದು ಅವನನ್ನು ನುಂಗಿತು. ಯೋನನನ್ನು ಎಲ್ಲರೂ ನೆನಪಿಡುವುದು ಮೀನಿನ ಹೊಟ್ಟೆಗಾಗಿ. ಭಾನುವಾರದ ಪಾಠಕ್ಕೆ ಮೀನು ಅನುಕೂಲ. ಆದರೆ ಅವನು ಓಡಿಹೋದದ್ದು ಹೆದರಿಕೆಯಿಂದಲ್ಲ. ಕಾರಣವನ್ನು ನಾಲ್ಕನೆಯ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ನೀನು ಕನಿಕರವುಳ್ಳವನು, ತಡವಾಗಿ ಸಿಟ್ಟಾಗುವವನು, ತರಬೇಕೆಂದಿದ್ದ ಕೇಡಿಗೆ ಮನಮರುಗುವವನು ಎಂದು ನನಗೆ ಗೊತ್ತಿತ್ತು, ಅದಕ್ಕೇ ಓಡಿಹೋದೆ. ದೇವರ ಕರುಣೆಯನ್ನು ದೇವರ ಮೇಲಿನ ದೂರಾಗಿ ಹೇಳಿದ ಪ್ರವಾದಿ ಇವನು.

ಅವನ ಸಿಟ್ಟಿಗೆ ಕಾರಣವೂ ಇತ್ತು. ನಿನೆವೆ ಅಶ್ಶೂರದ, ಅಂದರೆ ಅಸ್ಸೀರಿಯಾ ಸಾಮ್ರಾಜ್ಯದ, ಮಹಾಪಟ್ಟಣ. ಕ್ರಿ.ಪೂ. 722ರ ಹೊತ್ತಿಗೆ ರಾಜಧಾನಿ ಸಮಾರ್ಯವನ್ನು ಹಿಡಿದು ಯೋನನ ಜನರ ಉತ್ತರ ಇಸ್ರಾಯೇಲನ್ನು ಅಳಿಸಿದ್ದು ಇದೇ ಅಶ್ಶೂರ. ಕೊನೆಗೆ ಅಂಥ ಊರಿನ ಬೀದಿಯಲ್ಲಿ ನಿಂತು ಯೋನ ಮಾಡಿದ ಪ್ರಸಂಗ, ಅಂದರೆ ಉಪದೇಶ, ಹೀಬ್ರೂವಿನಲ್ಲಿ ಬರೀ ಐದು ಪದ: ಇನ್ನು ನಲವತ್ತು ದಿನ, ಆಮೇಲೆ ನಿನೆವೆ ಬುಡಮೇಲಾಗುವುದು. ಒಂದೊಂದು ಗಂಟೆ ನರಕವನ್ನು ವರ್ಣಿಸಿ ಜನರನ್ನು ನಡುಗಿಸುವ ಪ್ರಸಂಗಿಗಳ ಮುಂದೆ ಕುಳಿತಿರುವಾಗ ಈ ಐದು ಪದಗಳು ನೆನಪಾಗಿ ಕೈಗಡಿಯಾರ ನೋಡಿಕೊಳ್ಳುತ್ತೇನೆ.

ಇಲ್ಲಿ ‘ಬುಡಮೇಲು’ ಅನ್ನುವಲ್ಲಿ ಬರುವ ಹೀಬ್ರೂ ಕ್ರಿಯಾಪದ ‘ಹಾಫಖ್’. ಸೊದೋಮ್ ಎಂಬ ಪಟ್ಟಣದ ನಾಶವನ್ನು ಹೇಳುವಾಗಲೂ ಬರುವುದು ಇದೇ. ಪ್ರವಾದಿ ಹೋಶೇಯನ ಪುಸ್ತಕದ 11ನೆಯ ಅಧ್ಯಾಯದಲ್ಲಿ ದೇವರು ತನ್ನ ಜನರನ್ನು ಕುರಿತು, ನಿನ್ನನ್ನು ಹೇಗೆ ಬಿಟ್ಟುಕೊಡಲಿ, ನನ್ನ ಹೃದಯ ನನ್ನೊಳಗೇ ಹೊರಳಿದೆ ಅನ್ನುತ್ತಾನೆ. ಹೊರಳಿದೆ ಅನ್ನುವಲ್ಲಿಯೂ ಅದೇ ಕ್ರಿಯಾಪದ. ಊರು ಬುಡಮೇಲಾಗಬೇಕಾದ ಕಡೆ ದೇವರ ಹೃದಯ ಬುಡಮೇಲಾಗುತ್ತದೆ. ಕರುಣೆಯೆಂದರೆ ತೀರ್ಪನ್ನು ಮರೆತುಬಿಡುವುದು ಎಂದುಕೊಂಡಿದ್ದ ನಾನು ಈ ಒಂದು ಪದದ ಮುಂದೆ ಬಹಳ ಹೊತ್ತು ಕುಳಿತಿದ್ದೇನೆ.

ನಿನೆವೆಯಲ್ಲಿ ಅರಸನಿಂದ ಹಿಡಿದು ದನಕುರಿಗಳವರೆಗೆ ಎಲ್ಲರೂ ದುಃಖದ ಗುರುತಾಗಿ ಗೋಣಿತಟ್ಟು ಹೊದ್ದರು. ಆದರೆ ದೇವರು ನೋಡಿದ್ದು ಗೋಣಿತಟ್ಟನ್ನಲ್ಲ. ಅವರು ಕೆಟ್ಟ ದಾರಿಯಿಂದ ತಿರುಗಿದ್ದನ್ನು ನೋಡಿದನು ಎಂದು ಬರೆದಿದೆ. ಅರಸನ ಆಜ್ಞೆಯಲ್ಲಿಯೂ ಒಂದು ಮಾತಿದೆ: ಪ್ರತಿಯೊಬ್ಬನೂ ತನ್ನ ಕೈಗಳಲ್ಲಿರುವ ಹಿಂಸೆಯನ್ನು ಬಿಡಲಿ. ಬಾಯಿಯದಲ್ಲ, ಕೈಯದು. ಆ ಪಟ್ಟಣಕ್ಕೆ ಸಿಕ್ಕ ಕರುಣೆ ಶಾಶ್ವತ ಪರವಾನಗಿಯೂ ಆಗಲಿಲ್ಲ. ಕ್ರಿ.ಪೂ. 612ರಲ್ಲಿ ನಿನೆವೆ ಬಿತ್ತು, ನಹೂಮ ಎಂಬ ಇನ್ನೊಬ್ಬ ಪ್ರವಾದಿಯ ಪುಸ್ತಕವಿಡೀ ಆ ಬೀಳುವಿಕೆಯ ಬಗ್ಗೆಯೇ ಇದೆ.

ನೊಂದವರು ಇಷ್ಟಕ್ಕೆ ಒಪ್ಪಬೇಕಿಲ್ಲ. ಯೋನನೂ ಒಪ್ಪಲಿಲ್ಲ. ದೇವರು ಅವನನ್ನು ಬೈಯುವುದಿಲ್ಲ, ಕೇಳುತ್ತಾನೆ. ಎಡಗೈ ಬಲಗೈ ತಿಳಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ಈ ಪಟ್ಟಣಕ್ಕಾಗಿ ನಾನು ಕನಿಕರಪಡಬಾರದೇ? ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಯೋನ ಏನೆಂದನೋ, ಬರೆದಿಲ್ಲ. ಹೊರಗೆ ಬಿಸಿಲಲ್ಲಿ ಕುಳಿತವನನ್ನು ಹಾಗೆಯೇ ಬಿಟ್ಟಿದ್ದಾರೆ.

ನೊಂದವರ ಪರವಾಗಿ ನನ್ನದೂ ಒಂದು ತಕರಾರಿದೆ. ಇಸ್ರಾಯೇಲಿನ ಅರಸ ದಾವೀದ ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡು, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸುತ್ತಾನೆ. ಪ್ರವಾದಿ ನಾತಾನ ಬಂದು ಬಡವನ ಒಂದೇ ಕುರಿಮರಿಯನ್ನು ಸಿರಿವಂತ ಕಸಿದ ಕಥೆ ಹೇಳಿದಾಗ ದಾವೀದ ಕೆರಳಿ, ಅದನ್ನು ಕಸಿದವನು ಸಾಯತಕ್ಕವನು, ಒಂದಕ್ಕೆ ನಾಲ್ಕರಷ್ಟು ಕೊಡಬೇಕು ಎಂದು ತೀರ್ಪು ಕೊಡುತ್ತಾನೆ. “ಆ ಮನುಷ್ಯ ನೀನೇ” ಅನ್ನುತ್ತಾನೆ ನಾತಾನ. ಇಲ್ಲಿಯವರೆಗೆ ಸರಿ. ಆದರೆ ಈ ಪಶ್ಚಾತ್ತಾಪದ್ದೆಂದು ಹೇಳುವ 51ನೆಯ ಕೀರ್ತನೆಯಲ್ಲಿ ‘ನಿನಗೆ, ನಿನಗೊಬ್ಬನಿಗೇ ತಪ್ಪು ಮಾಡಿದ್ದೇನೆ’ ಎಂದಿದೆ. ಒಬ್ಬನಿಗೇ? ಊರೀಯ ಎಲ್ಲಿ ಹೋದ? ಎಲ್ಲ ಪಾಪವೂ ಕೊನೆಗೆ ದೇವರ ವಿರುದ್ಧವೇ ಎಂದು ವ್ಯಾಖ್ಯಾನಕಾರರು ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನವಿಲ್ಲ. ಒಂದಷ್ಟು ನೆಮ್ಮದಿ ಕೊಡುವುದು ಬೇರೊಂದು ಕಡೆ ಇದೆ: ಮತ್ತಾಯನ ಸುವಾರ್ತೆ ಯೇಸುವಿನ ವಂಶಾವಳಿಯಿಂದ ಶುರುವಾಗುತ್ತದೆ. ಅಲ್ಲಿ ಬತ್ಷೆಬೆಯ ಹೆಸರಿಲ್ಲ, ‘ಊರೀಯನ ಹೆಂಡತಿ’ ಎಂದಿದೆ. ದಾವೀದನ ಕೀರ್ತನೆಯಲ್ಲಿ ಸಿಗದ ಊರೀಯ ಸುವಾರ್ತೆಯ ಮೊದಲ ಪುಟದಲ್ಲಿ ಸಿಗುತ್ತಾನೆ. ದಾವೀದನಿಗೆ ಕ್ಷಮೆ ಸಿಕ್ಕಿತು, ಸತ್ತವನ ಹೆಸರು ಕಡತದಿಂದ ಅಳಿಯಲಿಲ್ಲ.

ಹಾಗಾಗಿ ನೊಂದವರು ಕೇಳಿದರೆ ನಾನು ಹೇಳುವುದು ಇಷ್ಟು. ದೇವರು ಅವನನ್ನು ಕ್ಷಮಿಸುತ್ತಾನೆ ಅನ್ನುವುದು ನಿಮಗಾದದ್ದು ಏನೂ ಅಲ್ಲ ಎಂಬ ತೀರ್ಪಲ್ಲ. ಅವನು ನಿಜವಾಗಿ ತಿರುಗಿದ್ದರೆ ಆ ದಾರಿ ನಿಮ್ಮ ಮನೆಯ ಮುಂದೆಯೇ ಹಾದುಹೋಗಬೇಕು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಗೆ ಯೇಸು ಅತಿಥಿಯಾಗಿ ಬಂದಾಗ ಅವನು ಅಳುತ್ತ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಲೆಕ್ಕ ಒಪ್ಪಿಸಿದ. ನಾಲ್ಕರಷ್ಟು, ದಾವೀದ ಬಾಯಲ್ಲಿ ಹೇಳಿದ್ದೇ.

ಇದನ್ನೆಲ್ಲ ನಾನು ಪುಸ್ತಕದಿಂದಷ್ಟೇ ಕಲಿತಿದ್ದರೆ ಚೆನ್ನಾಗಿತ್ತು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಲೆಕ್ಕದಲ್ಲಿ ಒಂದು ತಪ್ಪಾಯಿತು. ತಪ್ಪು ನನ್ನದು. ಬೈಗುಳ ತಿಂದವನು ನನ್ನ ಕೈಕೆಳಗಿನ ಹುಡುಗ. ಆ ವರ್ಷ ಅವನಿಗೆ ಸಿಗಬೇಕಾದ ಬಡ್ತಿ ತಪ್ಪಿತು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಹತ್ತು ವರ್ಷ ಅದಕ್ಕಾಗಿ ಪ್ರಾರ್ಥಿಸಿದೆ, ಕಣ್ಣೀರೂ ಹಾಕಿದೆ, ಪ್ರತಿ ಸಲವೂ ಹಗುರವಾಗಿ ಎದ್ದೆ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಮೇಲೆ ಸಹೋದರನಿಗೆ ದೂರು ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂಬ ಯೇಸುವಿನ ಮಾತನ್ನು ಇತರರಿಗೆ ವಿವರಿಸಿಯೂ ಇದ್ದೆ. ಹತ್ತು ವರ್ಷದಲ್ಲಿ ನೂರು ಸಲ ದೇವರ ಮುಂದೆ ಹೇಳಿದ್ದನ್ನು ಒಂದು ಸಲ ಅವನಿಗೆ ಹೇಳಲು ಮೊಬೈಲ್ ಕೈಗೆತ್ತಿಕೊಂಡು ಕೆಳಗಿಟ್ಟ ದಿನಗಳಿಗೆ ಲೆಕ್ಕವಿಲ್ಲ. ದೇವರು ತಿರುಗಿ ಪ್ರಶ್ನೆ ಕೇಳುವುದಿಲ್ಲ, ಅವನು ಕೇಳಬಹುದಿತ್ತು.

ಕೊನೆಗೊಂದು ಸಂಜೆ ಕರೆ ಮಾಡಿ ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

“ನನಗೆ ಆವತ್ತೇ ಗೊತ್ತಿತ್ತು ಸರ್” ಅಂದ.

“ಮತ್ತೆ ಯಾಕೆ ಹೇಳಲಿಲ್ಲ?”

“ನೀವೇ ಹೇಳುತ್ತೀರಿ ಅಂತ ಸ್ವಲ್ಪ ದಿನ ಕಾದೆ.”

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನ ಆಗಿನ ಮೇಲಧಿಕಾರಿಗೆ, ಈಗ ಅವರು ನಿವೃತ್ತರು, ಆ ತಪ್ಪು ಯಾರದೆಂದು ಒಂದು ಪುಟ ಬರೆದು ಕಳಿಸಿದೆ. ಅದರ ಪ್ರತಿಯೊಂದನ್ನು ಅವನಿಗೂ ಕಳಿಸಿದ್ದೇನೆ. ಓದಿದ ಗುರುತು ಬಂದಿದೆ, ಉತ್ತರ ಬಂದಿಲ್ಲ.