ಬ್ಯಾಟರಿ ಸರಿಯಾಗೇ ಇತ್ತು

ಕ್ಯಾಂಪರ್ ವ್ಯಾನುಗಳಿಗೆ ಬ್ಯಾಟರಿ, ಸೋಲಾರ್, ಇನ್ವರ್ಟರ್ ಕೂರಿಸಿಕೊಡುವುದು ನನ್ನ ಕೆಲಸ. ವ್ಯಾನಿನಲ್ಲೇ ಊರೂರು ಸುತ್ತುವ ಹಿರಿಯ ದಂಪತಿ ಒಂದೇ ದೂರು ಹಿಡಿದುಕೊಂಡು ಎರಡು ಸಲ ಬಂದರು: ರಾತ್ರಿ ಫ್ರಿಜ್ಜು ನಿಂತುಹೋಗುತ್ತದೆ. ಯಜಮಾನರ ಇನ್ಸುಲಿನ್ ಇರುತ್ತಿದ್ದುದು ಅದೇ ಫ್ರಿಜ್ಜಿನಲ್ಲಿ.

ಮೊದಲ ಸಲ ನಾನು ಬ್ಯಾಟರಿ ಹಳತಾಗಿದೆ ಎಂದು ಹೊಸದು ಹಾಕಿಕೊಟ್ಟೆ. ವರ್ಕ್‌ಶಾಪಿನಲ್ಲಿ ಇಡೀ ದಿನ ಫ್ರಿಜ್ಜು ಚೆನ್ನಾಗಿಯೇ ಓಡಿತು. ಓಡದೆ ಏನು? ಚಾರ್ಜರ್ ಸಿಕ್ಕಿಸಿಯೇ ಇತ್ತು, ವೋಲ್ಟೇಜ್ 14ರ ಹತ್ತಿರ ನಿಂತಿತ್ತು. ಅದು ಪರೀಕ್ಷೆಯೇ ಅಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ಎರಡನೇ ಸಲ ಬಂದಾಗ ಚಾರ್ಜರ್ ಕಿತ್ತು, ಸಂಜೆವರೆಗೆ ಬ್ಯಾಟರಿಯ ಮೇಲೇ ಓಡಿಸಿ, ಮಲ್ಟಿಮೀಟರ್ ಹಿಡಿದು ಫ್ರಿಜ್ಜಿನ ಹಿಂದೆ ಕೂತೆ. ಬ್ಯಾಟರಿಯ ತುದಿಯಲ್ಲಿ 12.2 ವೋಲ್ಟ್. ಕಂಪ್ರೆಸರ್ ಓಡುವಾಗ ಫ್ರಿಜ್ಜಿನ ತುದಿಯಲ್ಲಿ 10.8. ಆ ಫ್ರಿಜ್ಜಿನಲ್ಲಿ 11ಕ್ಕಿಂತ ಕೆಳಗಿಳಿದರೆ ತಾನೇ ಆಫ್ ಆಗುವ ಸೆಟ್ಟಿಂಗ್ ಇತ್ತು. ಬ್ಯಾಟರಿಯಲ್ಲಿ ಅರ್ಧದಷ್ಟು ಚಾರ್ಜ್ ಇದ್ದರೂ ಫ್ರಿಜ್ಜಿನ ಪಾಲಿಗೆ ಅದು ಖಾಲಿ.

ಉಳಿದ 1.4 ವೋಲ್ಟ್ ದಾರಿಯಲ್ಲಿ ಹೋಗುತ್ತಿತ್ತು. ಬ್ಯಾಟರಿಯಿಂದ ಫ್ರಿಜ್ಜಿಗೆ 6 ಮೀಟರ್. ಪ್ಲಸ್ ಹೋಗಿ ಮೈನಸ್ ವಾಪಸ್ ಬರಬೇಕಲ್ಲ, ಹಾಗಾಗಿ ಒಟ್ಟು 12 ಮೀಟರ್ ವೈರು. ಹಾಕಿದ್ದು 1.5 ಚದರ ಮಿಲಿಮೀಟರಿನದು. ಫ್ರಿಜ್ಜು ಎಳೆಯುವ 5 ಆಂಪಿಯರ್‌ಗೆ ಅಷ್ಟರಲ್ಲೇ ಸುಮಾರು 0.8 ವೋಲ್ಟ್ ಹೋಯಿತು. ಮಿಕ್ಕಿದ್ದು ಎಲ್ಲಿ ಎಂದು ವೈರಿನ ಉದ್ದಕ್ಕೂ ಬೆರಳಾಡಿಸುತ್ತಾ ಹೋದಾಗ ಒಂದು ಲಗ್ಗು (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿ) ಬೆಚ್ಚಗೆ ತಗುಲಿತು. ಎಳೆದೆ, ವೈರು ಕೈಗೇ ಬಂತು. ಅದನ್ನು ಸರಿಯಾಗಿ ಒತ್ತಿ ಬಿಗಿದಿರಲೇ ಇಲ್ಲ. 6 ಚದರ ಮಿಲಿಮೀಟರಿನ ವೈರು ಎಳೆದು, ಹೊಸ ಲಗ್ಗು ಒತ್ತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂರಿಸಿದ ಮೇಲೆ ಇಳಿಕೆ 0.2 ವೋಲ್ಟಿಗೆ ಬಂತು. ಮೊದಲ ದಿನವೇ ಮೀಟರನ್ನು ಫ್ರಿಜ್ಜಿನ ಹತ್ತಿರ ಒಯ್ದಿದ್ದರೆ ಅವರು ಹೊಸ ಬ್ಯಾಟರಿ ಕೊಳ್ಳಬೇಕಾಗಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಅದೇ ವ್ಯಾನಿನಲ್ಲಿ ಇನ್ನೊಂದು ಸೋರಿಕೆಯೂ ಇತ್ತು. ಲ್ಯಾಪ್‌ಟಾಪ್ ಚಾರ್ಜ್ ಮಾಡಲೆಂದು ದೊಡ್ಡ ಇನ್ವರ್ಟರ್ ಹಗಲೂ ರಾತ್ರಿ ಆನ್. ಏನನ್ನೂ ಸಿಕ್ಕಿಸದಿದ್ದರೂ ಅದು 15 ವ್ಯಾಟ್ ಎಳೆಯುತ್ತಿತ್ತು. 24 ಗಂಟೆಗೆ 360 ವ್ಯಾಟ್ ಅವರ್. ಲ್ಯಾಪ್‌ಟಾಪಿಗೆ ಬೇಕಾಗಿದ್ದುದು ಅದರ ಅರ್ಧ ಮಾತ್ರ. 12 ವೋಲ್ಟಿನಲ್ಲೇ ಕೆಲಸ ಮಾಡುವ ಲ್ಯಾಪ್‌ಟಾಪ್ ಚಾರ್ಜರ್ ಹಾಕಿ ಇನ್ವರ್ಟರ್ ಆಫ್ ಮಾಡಿಸಿದೆ. ಇನ್ನೊಂದು ಸೋಲಾರ್ ಪ್ಯಾನೆಲ್ ಹಾಕುವುದಕ್ಕಿಂತ ಇದು ಮೇಲು ಅನ್ನುವುದು ನನ್ನ ಅಭಿಪ್ರಾಯ. ಚಾವಣಿಯ ಮೇಲೆ ಮಲಗಿಸಿದ ಪ್ಯಾನೆಲ್ಲು ಅದರ ಮೇಲೆ ಬರೆದಷ್ಟು ವ್ಯಾಟ್ ಕೊಡುವುದು ತೀರಾ ಅಪರೂಪ. ಮರದ ಕೆಳಗೆ ನಿಲ್ಲಿಸಿದರಂತೂ ಕೊಂಬೆಯೊಂದರ ನೆರಳೇ ಸಾಕು, ಕರೆಂಟು ಕುಸಿಯಲು.

ಇಂಡಕ್ಷನ್ ಒಲೆ ಬೇಕು ಅನ್ನುವವರಿಗೂ ಲೆಕ್ಕ ಹಾಕಿ ತೋರಿಸುತ್ತೇನೆ. 1800 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 150 ಆಂಪಿಯರ್. ಆ ಫ್ರಿಜ್ಜು ಎಳೆಯುತ್ತಿದ್ದುದು ಬರೀ 5. ಬಹುತೇಕರು ಗ್ಯಾಸ್ ಒಲೆಗೇ ಮರಳುತ್ತಾರೆ.

ಆ ದಂಪತಿ ಈಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಬೇಕು ಅಂತಿದ್ದಾರೆ. ಒಳ್ಳೆಯದೇ. ಲೆಡ್ ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗಿಳಿಸಬಾರದು, ಲಿಥಿಯಂನಲ್ಲಿ ಹೆಚ್ಚುಪಾಲು ಬಳಸಬಹುದು. ಆದರೆ 0 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಇದನ್ನು ಚಾರ್ಜ್ ಮಾಡುವ ಹಾಗಿಲ್ಲ, ಮತ್ತು ಎಂಜಿನ್ ಓಡುವಾಗ ಕರೆಂಟು ಕೊಡುವ ಆಲ್ಟರ್ನೇಟರಿಗೆ ನೇರವಾಗಿ ಕಟ್ಟಿದರೆ ಇದು ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಸುಟ್ಟೇ ಹೋಗಬಹುದು. ಆ ಕರೆಂಟನ್ನು ಮಿತಿಯಲ್ಲಿಡಲು ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಅದು ಬರುವ ತನಕ ಈಗಿರುವ ಬ್ಯಾಟರಿ ಬಿಚ್ಚುವುದಿಲ್ಲ ಎಂದು ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ.