ಟೊಮೇಟೊ ಎಲೆಯ ಮೇಲೆ ಬಿಳಿ ಪುಡಿ: ಪುಣೆ ಬಾಲ್ಕನಿಯ ಚಳಿಗಾಲದ ಟಿಪ್ಪಣಿ

ನವೆಂಬರ್ ಕೊನೆ

ಕೋಥ್ರೂಡ್‌ನ ನಮ್ಮ ಬಾಲ್ಕನಿಯಲ್ಲಿ ಈ ಸಲ ಅರ್ಕಾ ರಕ್ಷಕ್ ಟೊಮೇಟೊ ಹಾಕಿದ್ದೇನೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಇದು. ಎಲೆ ಮುರುಟು, ದುಂಡಾಣು ಸೊರಗು, ಬೇಗ ಬರುವ ಅಂಗಮಾರಿ, ಈ ಮೂರನ್ನೂ ತಡೆದುಕೊಳ್ಳುತ್ತದೆ. ಎಲೆ ಮೇಲೆ ಬಿಳಿ ಪುಡಿಯ ಹಾಗೆ ಬೆಳೆಯುವ ಶಿಲೀಂಧ್ರ, ಅಂದರೆ ಬೂದಿ ರೋಗ ಮಾತ್ರ ಆ ಮೂರರಲ್ಲಿ ಇಲ್ಲ. ಪುಣೆಯ ಚಳಿಗಾಲದಲ್ಲಿ ನನಗೆ ಹೆಚ್ಚು ಭಯ ಅದರದ್ದೇ. ಹಾಗಾಗಿ ಈ ಸೀಸನ್ನಿನ ಕೆಲಸ ಒಂದೇ: ಬೂದಿಯನ್ನು ಆದಷ್ಟು ಬೇಗ ಗುರುತು ಹಿಡಿಯುವುದು.

ಮಳೆಗಾಲದಲ್ಲಿ ಇದರ ಕಾಟ ಕಡಿಮೆ. ಬೇರೆ ಹೆಚ್ಚಿನ ಶಿಲೀಂಧ್ರಗಳಿಗೆ ಎಲೆ ಒದ್ದೆಯಾಗಿರಬೇಕು, ಇದಕ್ಕೆ ಬೇಡ. ಎಲೆ ಮೇಲೆ ನೀರು ನಿಂತರೆ ಇದರ ಬೀಜಕಣಗಳು ಹಾಳಾಗುತ್ತವೆ. ಗಾಳಿಯಲ್ಲಿ ತುಸು ತೇವ, ಒಣಗಿದ ಎಲೆ, 20ರಿಂದ 27 ಡಿಗ್ರಿ ಶಾಖ, ಜೊತೆಗೆ ಸ್ವಲ್ಪ ನೆರಳು. ಇಷ್ಟಿದ್ದರೆ ಸಾಕು. ಡಿಸೆಂಬರ್‌ನ ಪುಣೆ ಹೆಚ್ಚೂಕಡಿಮೆ ಹೀಗೇ ಇರುತ್ತದೆ ಅಲ್ವಾ?

ಡಿಸೆಂಬರ್ ಮಧ್ಯ

ಕೆಳಗಿನ ಹಳೇ ಎಲೆಗಳ ಮೇಲೆ ಬಿಳಿ ಕಾಣಿಸಿದೆ. ತಕ್ಷಣ ಔಷಧಿ ಹೊಡೆಯಲಿಲ್ಲ. ಈ ಊರಿನಲ್ಲಿ ಎಲೆ ಬೆಳ್ಳಗಾಗಲು ಕಾರಣ ಬೇಕಾದಷ್ಟಿವೆ. ಎದುರಿಗೆ ಕಟ್ಟಡ ಏಳುತ್ತಿದೆ, ಅದರ ಧೂಳು ಬರುತ್ತದೆ. ಟ್ಯಾಂಕರ್ ನೀರಿನ ಉಪ್ಪು ಕೂಡ ಎಲೆ ಮೇಲೆ ಕಲೆ ಬಿಡುತ್ತದೆ.

ನಾನು ನೋಡುವ ರೀತಿ ಹೀಗೆ. ಧೂಳಾದರೆ ಎಲ್ಲಾ ಎಲೆ ಮೇಲೂ, ಬಾಲ್ಕನಿಯ ಕಂಬಿ ಮೇಲೂ ಒಂದೇ ಸಮ ಕೂತಿರುತ್ತದೆ. ನೀರಿನ ಕಲೆ ಹನಿ ಒಣಗಿದ ಜಾಗದಲ್ಲಷ್ಟೇ ಇರುತ್ತದೆ, ಅಂಚು ಗಟ್ಟಿಯಾಗಿ ಕಾಣುತ್ತದೆ, ಸುಲಭಕ್ಕೆ ಒರೆಸಿ ಹೋಗುವುದಿಲ್ಲ. ಬೂದಿ ಹಾಗಲ್ಲ. ಮೊದಲು ಚಿಕ್ಕ ದುಂಡನೆ ಮಚ್ಚೆ, ಆಮೇಲೆ ಮಚ್ಚೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ರೊಟ್ಟಿಗೆ ಉದುರಿಸಿದ ಹಿಟ್ಟಿನ ಹಾಗೆ. ಒದ್ದೆ ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಆದರೆ ಕೆಲವು ದಿನದಲ್ಲಿ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಒರೆಸಿದ ಕಡೆ ಎಲೆ ಹಳದಿ ತಿರುಗಿರುತ್ತದೆ. ನಮ್ಮ ಎಲೆಯಲ್ಲೂ ಹಾಗೇ ಆಯಿತು. ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಎಳೆಗಳು ನೆಟ್ಟಗೆ ನಿಂತಿವೆ. ಧೂಳಿನಲ್ಲಿ ಎಳೆ ಇರುವುದಿಲ್ಲ.

ರಂಗೋಲಿ ಹುಳುವಿನ ಗೆರೆಯೂ ಬಿಳಿಯೇ, ಆದರೆ ಅದು ಎಲೆಯ ಒಳಗೆ ಅಂಕುಡೊಂಕಾಗಿ ಓಡುತ್ತದೆ. ಅದನ್ನು ಒರೆಸಲು ಬರುವುದಿಲ್ಲ.

ಡಿಸೆಂಬರ್ ಕೊನೆ

ಪಕ್ಕದ ಬಿಲ್ಡಿಂಗಿನಲ್ಲಿ ವಿಜಯಪುರದ ಗೆಳತಿ ಇದ್ದಾರೆ. ಅವರ ತವರಿನಲ್ಲಿ ದ್ರಾಕ್ಷಿ ತೋಟ. ಬೂದಿ ರೋಗ ಅಂದರೆ ಅವರಿಗೆ ಹೊಸದೇನಲ್ಲ, ಇಲ್ಲಿಯ ಮರಾಠಿ ರೈತರು ಅದನ್ನು ಭುರಿ ಅನ್ನುತ್ತಾರೆ ಅಂತ ಅವರೇ ಹೇಳಿದ್ದು. ದ್ರಾಕ್ಷಿಯ ಬೂದಿ ಟೊಮೇಟೊಗೆ ಹರಡುತ್ತದಾ ಅಂತ ಕೇಳಿದರು. ಇಲ್ಲ. ನೋಡಲು ಒಂದೇ ಥರ ಇದ್ದರೂ ಶಿಲೀಂಧ್ರ ಬೇರೆ ಬೇರೆ.

ಅವರ ಟೊಮೇಟೊ ಗಿಡ ನೋಡಲು ಹೋದೆ. ಎಲೆ ಮೇಲೆ ಬಿಳಿ ಇಲ್ಲವೇ ಇಲ್ಲ. ಅಂಚು ಸ್ಪಷ್ಟವಿಲ್ಲದ ಹಳದಿ ಮಚ್ಚೆಗಳು ಮಾತ್ರ. ಗೊಬ್ಬರ ಕಡಿಮೆ ಆಗಿದೆ ಅಂತ ಅವರು ಅಂದುಕೊಂಡಿದ್ದರು. ಎಲೆ ತಿರುಗಿಸಿದೆವು. ಹಳದಿಯ ಸರಿಯಾಗಿ ಕೆಳಗೆ ತೆಳ್ಳನೆ ಬಿಳಿ ಪುಡಿ!

ಟೊಮೇಟೊಗೆ ಬರುವ ಬೂದಿಯಲ್ಲಿ ಮುಖ್ಯವಾಗಿ ಎರಡು ಬಗೆ. ನಮ್ಮ ಮನೆಯದು ಓಯ್ಡಿಯಂ ನಿಯೊಲೈಕೊಪರ್ಸಿಸಿ ಅನ್ನುವ ಶಿಲೀಂಧ್ರದ ಲಕ್ಷಣ, ಎಲೆಯ ಮೇಲ್ಭಾಗದಲ್ಲಿ ಬೆಳೆಯುತ್ತದೆ. ಅವರದ್ದು ಲೆವಿಲ್ಲುಲ ಟಾರಿಕಾದ ಹಾಗಿದೆ. ಅದು ಎಲೆಯ ಒಳಗೇ ಬೆಳೆದು, ಕೆಳಗಿನ ಪತ್ರರಂಧ್ರಗಳಿಂದ ಹೊರಗೆ ಬರುತ್ತದೆ. ಮೇಲಿನಿಂದಷ್ಟೇ ನೋಡುವವರಿಗೆ ಸಿಗುವುದೇ ಇಲ್ಲ. ಒಳಗಿರುವುದರಿಂದ ಔಷಧಿಗೆ ಬಗ್ಗುವುದೂ ಕಷ್ಟ. ಕೆಳಗಿನ ಬೂಷ್ಟು ಕಂದು-ಹಸಿರು ಬಣ್ಣದ್ದಾಗಿದ್ದರೆ ಅದು ಬೂದಿ ಅಲ್ಲ, ಬೇರೆಯೇ ಎಲೆ ಬೂಷ್ಟು. ಕಪ್ಪಗೆ, ನೀರು ಕುಡಿದ ಹಾಗೆ ಕೊಳೆಯುವ ಮಚ್ಚೆ ಇದ್ದರೆ ತಡವಾಗಿ ಬರುವ ಅಂಗಮಾರಿ. ಅದಕ್ಕೆ ಒಂದು ದಿನವೂ ಕಾಯಬಾರದು.

ಜನವರಿ

ಮಚ್ಚೆ ಬಿದ್ದ ಕೆಳಗಿನ ಎಲೆಗಳನ್ನು ಕಿತ್ತು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿದೆ. ಕುಂಡಗಳನ್ನು ದೂರ ಸರಿಸಿ ಗಾಳಿ ಆಡುವ ಹಾಗೆ ಮಾಡಿದೆ. ನೀರಿನಲ್ಲಿ ಬೆರೆಯುವ ಗಂಧಕದ ಪುಡಿ, ಶೇಕಡಾ 80ರದ್ದು, ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು, ಎಲೆಯ ಎರಡೂ ಕಡೆ. ಗಂಧಕ ಹೊಸ ಎಲೆಗಳನ್ನು ಕಾಯುತ್ತದೆ, ಆಗಲೇ ಹಾಳಾದ ಎಲೆಯನ್ನು ಸರಿ ಮಾಡುವುದಿಲ್ಲ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟೇ ಗಂಧಕ. ಇಲ್ಲದಿದ್ದರೆ ಎಲೆ ಸುಡುತ್ತದೆ.

ಗೆಳತಿ ಹಾಲು ಬೆರೆಸಿದ ನೀರು ಹೊಡೆಯುತ್ತಿದ್ದಾರೆ. 1999ರಲ್ಲಿ ಬ್ರೆಜಿಲ್‌ನಲ್ಲಿ ಜುಕಿನಿ ಗಿಡದ ಬೂದಿಗೆ ಹಾಲು ಕೆಲಸ ಮಾಡಿತ್ತು. ಎಲೆಯ ಒಳಗೆ ಬೆಳೆಯುವ ಬೂದಿಗೆ ಅದು ಸಾಲದು ಅಂತ ನನಗನ್ನಿಸುತ್ತದೆ. ಅವರ ಗಿಡದಲ್ಲಿ ಎಲೆಗಳು ಒಣಗಿ ಕಾಂಡಕ್ಕೇ ಜೋತು ಬಿದ್ದಿವೆ.

ಫೆಬ್ರವರಿ

ನಮ್ಮ ಗಿಡದ ಮೇಲಿನ ಗೊಂಚಲುಗಳು ಚೆನ್ನಾಗಿವೆ, ಹೊಸ ಎಲೆಗಳಲ್ಲಿ ಮಚ್ಚೆ ಇಲ್ಲ. ಬೂದಿ ಕಾಯಿಗೆ ಹತ್ತುವುದು ಅಪರೂಪ. ಆದರೆ ಎಲೆ ಉಳಿಯದಿದ್ದರೆ ಬಿಸಿಲಿಗೆ ಕಾಯಿ ಬೆಂದು ಬಿಳಿಚಿಕೊಳ್ಳುತ್ತದೆ. ಅದಕ್ಕೇ ಉಳಿದ ಎಲೆಗಳನ್ನು ಸುಮ್ನೆ ಕೀಳುತ್ತಿಲ್ಲ. ಮಧ್ಯಾಹ್ನದ ಬಿಸಿಲು 32 ಡಿಗ್ರಿ ದಾಟುತ್ತಿದೆ, ಎಲೆ ಸುಡಬಾರದು ಅಂತ ಗಂಧಕ ನಿಲ್ಲಿಸಿದ್ದೇನೆ.

ಗೆಳತಿಯ ಗಿಡದ ಪಕ್ಕದಲ್ಲೇ ಮೆಣಸಿನ ಕುಂಡ ಇತ್ತು. ಲೆವಿಲ್ಲುಲ ಮೆಣಸಿನಕಾಯಿಗೂ ಬರುತ್ತದೆ, ಅಲ್ಲಿ ಎಲೆ ಉದುರಿಯೇ ಹೋಗುತ್ತದೆ. ಅದನ್ನು ಬೇರೆ ಕಡೆ ಇಟ್ಟಿದ್ದೇವೆ. ಈಗ ವಾರಕ್ಕೊಮ್ಮೆ ಅದರ ಎಲೆಗಳನ್ನೂ ತಿರುಗಿಸಿ ನೋಡುತ್ತಿದ್ದೇವೆ.