ಮಂಗಳೂರಿನಿಂದ ಕಡಮತ್ ದ್ವೀಪಕ್ಕೆ: ಹೊರಡುವವರಿಗೆ ಒಂದಿಷ್ಟು ಮಾಹಿತಿ

ಲಕ್ಷದ್ವೀಪ ನೋಡಬೇಕು ಅನ್ನುವವರು ಮೊದಲು ನಮ್ಮ ಹಳೇ ಬಂದರಿಗೆ ಒಮ್ಮೆ ಹೋಗಿ. ಅಲ್ಲಿ ಮಂಜಿಗಳಿಗೆ (ಸರಕು ಸಾಗಿಸುವ ಮರದ ಹಡಗುಗಳಿಗೆ) ಸಿಮೆಂಟು, ಜಲ್ಲಿ, ಈರುಳ್ಳಿ, ತರಕಾರಿ ತುಂಬಿಸುತ್ತಾರೆ. ಎಲ್ಲವೂ ದ್ವೀಪಕ್ಕೆ ಹೋಗುವ ಸಾಮಾನು. ತೆಂಗು, ಮೀನು ಬಿಟ್ಟರೆ ಅಲ್ಲಿನವರಿಗೆ ಬೇಕಾದ್ದು ಹೆಚ್ಚುಕಡಿಮೆ ಎಲ್ಲ ಸಮುದ್ರ ದಾಟಿಯೇ ಬರಬೇಕು. ಈ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ನಾವು ಹೋದದ್ದು ಕಡಮತ್‌ಗೆ. ಲಕ್ಷದ್ವೀಪಕ್ಕೆ ಹೋಗಲು ಬೇಕಾದ ಪರ್ಮಿಟ್ ಕೈಗೆ ಬರುವವರೆಗೆ ರೈಲು ಟಿಕೆಟ್ ಮಾಡಿಸಬೇಡಿ. ಅದಿಲ್ಲದೆ ಹಡಗು ಹತ್ತಲು ಬಿಡುವುದಿಲ್ಲ. ಎರ್ನಾಕುಲಂವರೆಗೆ ರೈಲು, ಆಮೇಲೆ ಕೊಚ್ಚಿಯಿಂದ ಒಂದು ರಾತ್ರಿಯ ಹಡಗು. ನಮ್ಮ ಹಡಗು ಹವಳದ ದಿಬ್ಬದ ಹೊರಗೇ ನಿಂತಿತು. ಅಲೆಗೆ ಸಣ್ಣ ದೋಣಿ ಮೇಲೆದ್ದ ಕ್ಷಣ ನೋಡಿ ರಟ್ಟೆ ಹಿಡಿದು ಇಳಿಸಿಕೊಂಡರು. ಹಾಗಾಗಿ ಬೆನ್ನಿಗೆ ಹಾಕುವ ಬ್ಯಾಗೇ ಒಯ್ಯಿರಿ, ಎರಡೂ ಕೈ ಖಾಲಿ ಇರಬೇಕು.

ದ್ವೀಪದ ಉದ್ದ ಎಂಟೊಂಬತ್ತು ಕಿ.ಮೀ., ಅಗಲ ಎಲ್ಲೂ ಒಂದು ಕಿ.ಮೀ. ಕೂಡ ಇಲ್ಲ. ಗುಡ್ಡ ಇಲ್ಲ, ಹೊಳೆ ಇಲ್ಲ. ಮಳೆನೀರು ಹವಳದ ಮರಳಲ್ಲಿ ಇಳಿದು ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಬಾವಿಗೆ ಸಿಗುವುದು ಅದೇ. ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಲಕ್ಷದ್ವೀಪದ ರಾಜಧಾನಿ ಕವರಟ್ಟಿಯಲ್ಲಿ 2005ರಲ್ಲೇ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಹಾಕಿದ್ದು ಸುಮ್ನೆ ಅಲ್ಲ. ನೇತ್ರಾವತಿಯ ನೀರು ಕುಡಿದು ಬೆಳೆದ ನಾವು ಅಲ್ಲಿ ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸಬೇಕು, ದಯವಿಟ್ಟು.

ಅವಕಾಶ ಸಿಕ್ಕರೆ ಟ್ಯೂನಾ ಹಿಡಿಯುವುದನ್ನು ನೋಡಿ. ಬಲೆ ಬೀಸುವುದಿಲ್ಲ. ಜೀವಂತ ಸಣ್ಣ ಮೀನುಗಳನ್ನು ಸಮುದ್ರಕ್ಕೆ ಎಸೆದು, ಮೇಲಿಂದ ನೀರು ಚಿಮುಕಿಸುತ್ತಾರೆ. ಟ್ಯೂನಾ ಮುತ್ತಿದ ಕೂಡಲೇ ಕೋಲಿನ ಗಾಳಕ್ಕೆ ಕಚ್ಚಿಸಿ ತಲೆಯ ಮೇಲಿಂದ ಎತ್ತಿ ದೋಣಿಯೊಳಗೆ ಕೆಡವುತ್ತಾರೆ. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳಿಲ್ಲದ ಕಾರಣ ಮೀನು ತಾನೇ ಕಳಚಿಕೊಳ್ಳುತ್ತದೆ. ಅದನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಲ್ಲಿ ಒಣಗಿಸಿದರೆ ಮಾಸ್. ಕಟ್ಟಿಗೆಯಷ್ಟು ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಫ್ರಿಜ್ ಇಲ್ಲದ ಕಾಲದಲ್ಲೂ ದೂರದ ಪೇಟೆಗೆ ಕಳಿಸಲು ಆಗುತ್ತಿದ್ದ ಮೀನು ಇದು. ಇನ್ನು ಕೊಬ್ಬರಿ, ತೆಂಗಿನ ನಾರು ನಮಗೆ ಗೊತ್ತಿದ್ದದ್ದೇ.

ಅಕ್ಟೋಬರ್‌ನಿಂದ ಏಪ್ರಿಲ್ ಒಳ್ಳೆಯ ಸಮಯ. ನಗದು, ದಿನದ ಮಾತ್ರೆ ಜೊತೆಗಿರಲಿ. ಮದ್ಯ ಒಯ್ಯಬೇಡಿ, ಹವಳದ ಚೂರು ಕೂಡ ತರಬೇಡಿ, ಕಾನೂನು ಬಿಡುವುದಿಲ್ಲ. ಹವಾಮಾನ ಕೆಟ್ಟರೆ ಹಡಗಿನ ದಿನವೇ ಬದಲಾಗುತ್ತದೆ. ವಾಪಸ್ ರೈಲಿಗೂ ಹಡಗಿಗೂ ನಡುವೆ ಎರಡು ದಿನವಾದರೂ ಬಿಟ್ಟುಕೊಳ್ಳಿ.